ಮ್ಯಾನೇಜ್ ಪದದ ವಿಲೇವಾರಿ

ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಇಪ್ಪತ್ತೆರಡು ವರ್ಷ ದಿನವಿಡೀ ಸೀಲು ಒತ್ತಿದವನನ್ನು ಯಾರು ತಾನೇ ಆ ಹೆಸರಿನಿಂದ ಕರೆದಾರು? ಕಚೇರಿಗೆಲ್ಲ ಅವನು ಸೀಲಣ್ಣ. ಹೊರಗಿನಿಂದ ಬಂದ ಯಾವ ಕಾಗದವೂ ಅವನ ಮೇಜು ದಾಟದೆ ಒಳಗೆ ಹೋಗುವಂತಿರಲಿಲ್ಲ. ಎಡಗೈ ಕಾಗದ ಎಳೆಯುತ್ತಿತ್ತು, ಬಲಗೈ ಸೀಲು ಒತ್ತುತ್ತಿತ್ತು, ಆಮೇಲೆ ಅದೇ ಬಲಗೈ ದಪ್ಪ ಪುಸ್ತಕದಲ್ಲಿ ಸಂಖ್ಯೆ ಬರೆಯುತ್ತಿತ್ತು. ಈ ಕೆಲಸದಲ್ಲಿ ಕಣ್ಣಿಗೆ ಅಷ್ಟಾಗಿ, ತಲೆಗೆ ಸುತರಾಂ ಪಾತ್ರವಿರಲಿಲ್ಲ. ಹಾಗಾಗಿ ತಲೆ ಬೇರೆ ವಿಷಯಗಳಿಗೆ ಬಿಡುವಾಗಿರುತ್ತಿತ್ತು.

ಆ ಬಿಡುವಿನಲ್ಲಿ ಬೆಳೆದ ಚಟವೆಂದರೆ ಇಂಗ್ಲಿಷ್ ಪದಗಳ ಜಾತಕ ಹೇಳುವುದು. ಯಾವ ಪದ ಎಲ್ಲಿ ಹುಟ್ಟಿತು, ಅದರ ಅಪ್ಪ ಯಾರು, ಅಮ್ಮ ಯಾರು ಎಂಬುದನ್ನು ಸೀಲಣ್ಣ ಯಾರೂ ಕೇಳದೆಯೇ ವಿವರಿಸುತ್ತಿದ್ದ. ಓದಿ ತಿಳಿದುಕೊಂಡು ಹೇಳುತ್ತಿದ್ದನೆಂದಲ್ಲ. ಪದವನ್ನು ಎರಡು ತುಂಡು ಮಾಡಿ, ತುಂಡಿಗೊಂದು ಅರ್ಥ ಹಚ್ಚಿ, ಮತ್ತೆ ಜೋಡಿಸಿದರೆ ಮುಗಿಯಿತು. ಕೇಳುವವರು ಟೀ ಮುಗಿಯುವವರೆಗೆ ಕೇಳುತ್ತಿದ್ದರು, ಲೋಟ ಕೆಳಗಿಟ್ಟ ಮೇಲೆ ಮರೆಯುತ್ತಿದ್ದರು. ಹೀಗೆ ಯಾರಿಗೂ ನಷ್ಟವಿಲ್ಲದೆ ಅವನ ವಿದ್ವತ್ತು ನಡೆದುಕೊಂಡು ಹೋಗುತ್ತಿತ್ತು.

ಒಂದು ತಿಂಗಳ ಮೂರನೇ ತಾರೀಕು ಬೆಳಿಗ್ಗೆ, ಹೊಸದಾಗಿ ಬಂದಿದ್ದ ಅಧಿಕಾರಿಗಳು ಟೀ ಲೋಟ ಹಿಡಿದು ಪಡಸಾಲೆಗೆ ಬಂದರು. ಸೀಲಣ್ಣನ ಹೆಂಡತಿ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್ ಎಂಬುದು ಯಾರಿಂದಲೋ ಅವರ ಕಿವಿಗೆ ಬಿದ್ದಿತ್ತು. ಆ ಊರಿಗೆ ರೈಲಿನಲ್ಲಿ ಆರು ಗಂಟೆ. ಹನ್ನೊಂದು ವರ್ಷದಿಂದ ಸೀಲಣ್ಣ ಶನಿವಾರ ಮಧ್ಯಾಹ್ನ ಹೋಗುತ್ತಿದ್ದ, ಭಾನುವಾರ ಸಂಜೆ ವಾಪಸು ಹೊರಡುತ್ತಿದ್ದ. ವರ್ಗಾವಣೆಗೆ ಅರ್ಜಿ ಹಾಕಿದ್ದು ಮದುವೆಯಾದ ವರ್ಷವೇ. ಅದರ ಜ್ಞಾಪನಪತ್ರಗಳನ್ನೆಲ್ಲ ಒಂದರ ಮೇಲೊಂದು ಇಟ್ಟರೆ ಕೂತುಕೊಳ್ಳಲು ಒಂದು ಮಣೆಯಾಗುತ್ತಿತ್ತು.

"ಹೇಗ್ರೀ ನಡೀತಿದೆ ಸಂಸಾರ?" ಎಂದು ಅಧಿಕಾರಿಗಳು ಕೇಳಿದರು.

"ಹೇಗೋ ಮ್ಯಾನೇಜ್ ಮಾಡ್ತಿದ್ದೀನಿ ಸಾರ್."

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೇಳಿದವರು ಮೇಲಧಿಕಾರಿ, ಸುತ್ತ ನಿಂತವರು ಆರು ಜನ, ಬಾಯಿಗೆ ಬಂದದ್ದು ಇಂಗ್ಲಿಷ್ ಪದ. ಸೀಲಣ್ಣ ಗಂಟಲು ಸರಿಮಾಡಿಕೊಂಡ. ಮ್ಯಾನೇಜ್ ಎಂಬ ಕ್ರಿಯಾಪದ ಮ್ಯಾನ್ ಮತ್ತು ಏಜ್ ಎಂಬ ಎರಡು ಪದಗಳ ಸಂತಾನವೆಂದೂ, ಗಂಡಸು ವಯಸ್ಸಾಗುತ್ತಾ ಆಗುತ್ತಾ ತಾನೇ ಕಲಿಯುವ ವಿದ್ಯೆಗೆ ಈ ಹೆಸರೆಂದೂ ಅಪ್ಪಣೆ ಕೊಡಿಸಿದ. ಅಲ್ಲೇ ಹೋಗುತ್ತಿದ್ದ ಟೈಪಿಸ್ಟ್ ಮೇಡಂ ನಿಂತು, "ನಮ್ಮನೇಲಿ ವಯಸ್ಸಾಗಿರೋದು ಗಂಡಸಿಗೆ, ಮ್ಯಾನೇಜ್ ಮಾಡ್ತಿರೋದು ನಾನು" ಎಂದರು. ಎಲ್ಲರೂ ನಕ್ಕರು. ಅಧಿಕಾರಿಗಳು ಮಾತ್ರ ನಗದೆ, ಏನೋ ನೆನಪಾದವರಂತೆ ಹುಬ್ಬು ಗಂಟಿಕ್ಕಿ ಒಳಗೆ ಹೋದರು.

ಆ ಮಧ್ಯಾಹ್ನ ಒಡೆದ ಪೈಪಿನ ದೂರೊಂದಕ್ಕೂ ಬಿಸಿಲಿನಲ್ಲಿ ನೀರಿಲ್ಲದ ಬೀದಿಯವರ ಮನವಿಗೂ ನಡುವೆ ಒಂದು ಚೀಟಿ ಟಪಾಲಿನ ತಟ್ಟೆಗೆ ಬಂದಿತ್ತು. ಸೀಲಣ್ಣನ ಎಡಗೈ ಎಳೆಯಿತು, ಬಲಗೈ ಒತ್ತಿತು, ಪುಸ್ತಕದಲ್ಲಿ 4417 ಎಂದು ಬರೆಯಿತು. 'ವಿಷಯ' ಎಂಬ ಕಾಲಮು ತುಂಬಿಸಬೇಕಾಗಿ ಬಂದಾಗ ಅವನು ಮೊದಲ ಸಲ ಚೀಟಿಯನ್ನು ಓದಿದ. ಅಧಿಕಾರಿಗಳದೇ ಅಕ್ಷರ. 'ಮ್ಯಾನೇಜ್ ಪದದ ಮೂಲ ಯಾವುದು? ಅರ್ಥಗಳೇನು? ಬೇಗ ಬೇಕು.' ಕೆಳಗೆ ಸಹಿಯಿಲ್ಲ, ತಾರೀಕಿಲ್ಲ.

ಆ ಕಚೇರಿಯಲ್ಲಿ ಸಂಖ್ಯೆ ಬಿದ್ದ ಕಾಗದದ ಗತಿಯೇನೆಂದು ಇಲ್ಲಿ ಹೇಳಿಬಿಡಬೇಕು. ಹುಟ್ಟಿದವರಾದರೂ ಒಮ್ಮೆ ಸಾಯಬಹುದು, ಸಂಖ್ಯೆ ಬಿದ್ದ ಕಾಗದ ಹಾಗೆ ಸುಮ್ಮನೆ ಸಾಯುವಂತಿರಲಿಲ್ಲ. ಪುಸ್ತಕದಲ್ಲಿ ಕಾಟು ಹೊಡೆಯುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಸಂಬಂಧಪಟ್ಟ ಶಾಖೆಗಳೆಲ್ಲ ಅಭಿಪ್ರಾಯ ಬರೆದು, ಹೆಡ್ ಗುಮಾಸ್ತರು ಒಪ್ಪಿ, ಅಧಿಕಾರಿಗಳು ಸಹಿ ಹಾಕಿದ ಮೇಲೆಯೇ ಅದು ವಿಲೇವಾರಿ. ಯಾವ ಶಾಖೆಗೂ ಸಂಬಂಧಪಡದ ಕಾಗದವಾದರೆ ಅದನ್ನು ತೆಗೆದುಕೊಂಡ ಟಪಾಲು ಗುಮಾಸ್ತನ ಹೆಸರಿಗೇ ಉಳಿಯುತ್ತಿತ್ತು.

ಸೀಲಣ್ಣನಿಗೆ ಇದರಿಂದ ಹೆದರಿಕೆಯಾಗಬೇಕಿತ್ತು, ಹೆಮ್ಮೆಯಾಯಿತು. ಬೆಳಿಗ್ಗೆ ತಾನು ಆಡಿದ ಮಾತು ಅಧಿಕಾರಿಗಳ ಮನಸ್ಸಿಗೆ ನಾಟಿದೆ, ಲಿಖಿತವಾಗಿ ಕೇಳಿದ್ದಾರೆ ಎಂದುಕೊಂಡ. ಹೊಸ ಕಡತ ತೆರೆದು, ದಾರ ಕಟ್ಟಿ, ಮ್ಯಾನ್ ಮತ್ತು ಏಜ್ ಕುರಿತು ಒಂದೂವರೆ ಪುಟ ಬರೆದ. ಕೊನೆಯಲ್ಲಿ 'ತಮ್ಮ ಅವಗಾಹನೆಗೆ' ಎಂದು ಸೇರಿಸಿ ಅಡಿಗೆರೆ ಹಾಕಿದ. ಅಷ್ಟರಲ್ಲಿ ಅಧಿಕಾರಿಗಳು ಮೂರು ವಾರದ ತರಬೇತಿಗೆ ಹೊರಟುಹೋಗಿದ್ದರು.

ಎರಡು ದಿನದ ನಂತರ, ಐದನೇ ತಾರೀಕು, ಸೀಲಣ್ಣನ ಬಲಗೈ ಒಂದು ಉದ್ದ ಲಕೋಟೆಯ ಕಾಗದಕ್ಕೆ ಸೀಲು ಒತ್ತಿ ಹಾಗೇ ನಿಂತುಬಿಟ್ಟಿತು. ಅದು ಅವನ ವರ್ಗಾವಣೆಯ ಆದೇಶ. ಹೆಂಡತಿ ಇರುವ ಊರಿಗೇ. ತಿಂಗಳ ಮೂವತ್ತನೇ ತಾರೀಕಿನೊಳಗೆ ಅಲ್ಲಿ ಹಾಜರಾಗಬೇಕು, ಇಲ್ಲವಾದರೆ ಆ ಜಾಗ ಪಟ್ಟಿಯಲ್ಲಿರುವ ಮುಂದಿನವರಿಗೆ. ಸೀಲಣ್ಣ ಅದನ್ನು ನಾಲ್ಕು ಸಲ ಓದಿದ, ಐದನೇ ಸಲ ಓದಲು ಕಣ್ಣು ಮಂಜಾಯಿತು. ಹೆಂಡತಿಗೆ ಫೋನ್ ಮಾಡಿದಾಗ ಅವಳು ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಸಿದಳು.

ಮಧ್ಯಾಹ್ನ ಅವನು ಹೆಡ್ ಗುಮಾಸ್ತರ ಮುಂದೆ ನಿಂತ. ಹೆಡ್ ಗುಮಾಸ್ತರು ಕೆಟ್ಟವರಲ್ಲ, ನಿಯಮದವರು. ಕೆಟ್ಟವರ ಕೈಗೆ ಸಿಕ್ಕರೂ ನಿಯಮದವರ ಕೈಗೆ ಸಿಕ್ಕರೂ, ಸಿಕ್ಕಿಕೊಂಡವನಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಅವರು ಆದೇಶ ಓದಿ ನಿಜವಾಗಿಯೂ ಸಂತೋಷಪಟ್ಟರು, ಸೀಲಣ್ಣನ ಕೈ ಕುಲುಕಿದರು, ಆಮೇಲೆ ಟಪಾಲು ಪುಸ್ತಕ ತರಿಸಿ ಬಾಕಿ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಸೀಲಣ್ಣನ ಹೆಸರಿನಲ್ಲಿ ಬಾಕಿ ಉಳಿದದ್ದು ಒಂದೇ ಒಂದು.

"ನಾಲ್ಕು ಸಾವಿರದ ನಾನೂರ ಹದಿನೇಳು ವಿಲೇವಾರಿ ಮಾಡ್ಬಿಡಿ ಸೀಲಣ್ಣ. ಅದೇ ಗಳಿಗೇಲಿ ನಿಮ್ಮನ್ನ ಬಿಟ್ಟುಕೊಡ್ತೀನಿ," ಎಂದರು.

"ಅದು ಬರೀ ಒಂದು ಪದ ಸಾರ್."

"ಪದಾನೋ ಪೈಪೋ, ನಂಬರು ಬಿದ್ದಿದೆಯಲ್ಲ."

ಸೀಲಣ್ಣ ತನ್ನ ಒಂದೂವರೆ ಪುಟ ತೋರಿಸಿದ. ಒಬ್ಬನೇ ಬರೆದದ್ದು ಅಭಿಪ್ರಾಯವಾಗುವುದಿಲ್ಲ, ಎಲ್ಲ ಶಾಖೆಗಳಿಗೂ ಸುತ್ತಿಸಿಕೊಂಡು ಬನ್ನಿ ಎಂದು ಹೆಡ್ ಗುಮಾಸ್ತರು ಕಡತವನ್ನು ಅವನ ಕೈಗೇ ಕೊಟ್ಟರು. ಅಧಿಕಾರಿಗಳಿಗೆ ಫೋನ್ ಮಾಡಿ ಕೇಳಿದರೆ ಹೇಗೆ ಎಂದು ಸೀಲಣ್ಣ ಮೆಲ್ಲಗೆ ಅಂದಾಗ, ಹಿಂದೆ ಒಬ್ಬ ಗುಮಾಸ್ತ ಮೇಲಿನವರನ್ನು 'ಇದು ಯಾಕೆ' ಎಂದು ಕೇಳಿ ಈಗ ಊರಾಚೆಯ ಪಂಪುಮನೆಯಲ್ಲಿ ಕಪ್ಪೆಗಳ ಹಾಜರಿ ತೆಗೆದುಕೊಳ್ಳುತ್ತಿರುವುದನ್ನು ಅವರು ನೆನಪಿಸಿದರು.

ಕಡತ ಮೊದಲು ಸ್ಟೋರಿಗೆ ಹೋಯಿತು. ಸ್ಟೋರ್ ಕೀಪರಿಗೆ ಹುಟ್ಟಿದಾಗಿನಿಂದ ಯಾರೂ ಅಭಿಪ್ರಾಯ ಕೇಳಿರಲಿಲ್ಲ, ವಾಲ್ವು ಕೇಳಿದ್ದರು, ನಟ್ಟು ಕೇಳಿದ್ದರು. ಅವರು ಕಡತವನ್ನು ಮೂರು ದಿನ ಇಟ್ಟುಕೊಂಡು, ಸ್ಟೋರಿನಲ್ಲಿ ಇಲ್ಲದ ಸಾಮಾನಿನಿಂದ ಆಗಬೇಕಾದ ಕೆಲಸ ಮಾಡಿಸುವುದಕ್ಕೆ ಮ್ಯಾನೇಜ್ ಎನ್ನುತ್ತಾರೆಂದೂ, ಸಾಮಾನು ಇದ್ದರೆ ಆ ಪದ ಹುಟ್ಟುತ್ತಲೇ ಇರಲಿಲ್ಲವೆಂದೂ ಬರೆದರು. ಅದರ ಜೊತೆಗೆ ಇಲ್ಲದ ಸಾಮಾನುಗಳ ಒಂದು ಪಟ್ಟಿಯನ್ನೂ ಲಗತ್ತಿಸಿದರು. ಮೀಟರ್ ರಿಪೇರಿಯ ಹಿರಿಯ ಮೆಕ್ಯಾನಿಕ್ಕು ಇದು ಇಂಗ್ಲಿಷ್ ಪದವೇ ಅಲ್ಲ ಎಂದುಬಿಟ್ಟರು. ಮನೆಗೆ ಏನು ಬೇಕು ಏನು ಬೇಡ ನೋಡಿಕೊಳ್ಳುವ ಕೆಲಸಕ್ಕೆ ನಮ್ಮವರು 'ಮನೆಗೆ' ಎಂದದ್ದನ್ನು ದೊರೆಗಳು ಕದ್ದು ಒಯ್ದರು, ಪದ ವಾಪಸು ಕೊಡಿಸಬೇಕು ಎಂದು ಷರಾ ಹಾಕಿದರು. ಟೈಪಿಸ್ಟ್ ಮೇಡಂ ಬರೆದದ್ದು ಅಂದು ಪಡಸಾಲೆಯಲ್ಲಿ ಆಡಿದ್ದ ಅದೇ ಒಂದು ಸಾಲು, ಆದರೆ ಕಾಗದದ ಮೇಲೆ ಅದು ಓದಿದ ಎಲ್ಲ ಗಂಡಸರಿಗೂ ಕೋಪ ತರಿಸಿತು. ಮೆಕ್ಯಾನಿಕ್ಕು ಅವರ ಸಾಲಿಗೆ ಉತ್ತರ ಬರೆದರು, ಮೇಡಂ ಆ ಉತ್ತರಕ್ಕೆ ಉತ್ತರ ಬರೆದರು. ಊಟದ ಬಿಡುವಿನಲ್ಲಿ ಜನ ಎರಡು ಪಂಗಡವಾಗಿ ಎರಡು ಮೇಜಿನಲ್ಲಿ ಕೂರತೊಡಗಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹನ್ನೆರಡನೇ ತಾರೀಕಾಗಿತ್ತು, ಕಡತ ಇಪ್ಪತ್ತಾರು ಪುಟವಾಗಿತ್ತು, ಒಮ್ಮತ ಮಾತ್ರ ಆಗಿರಲಿಲ್ಲ.

ಒಮ್ಮತವಾಗದಿದ್ದರೆ ತಜ್ಞರ ಅಭಿಪ್ರಾಯ ಪಡೆಯಬಹುದು ಎಂಬ ನಿಯಮವೊಂದಿತ್ತು. ಸೀಲಣ್ಣನಿಗೆ ತಕ್ಷಣ ಹೊಳೆದದ್ದು ತಾನು ಬಾಡಿಗೆಗಿದ್ದ ಮನೆಯ ಮಾಲೀಕರು. ಅವರು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ನಿವೃತ್ತರಾಗಿ ಹದಿನಾಲ್ಕು ವರ್ಷವಾಗಿತ್ತು, ಅಂದಿನಿಂದ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲ. ಸೀಲಣ್ಣ ಮೆಟ್ಟಿಲು ಹತ್ತಿ ಹೋಗಿ ಪ್ರಶ್ನೆ ಕೇಳಿದಾಗ ಮೇಷ್ಟ್ರು ಮೊದಲು ಒಳಗೆ ಹೋಗಿ ಅಂಗಿ ಬದಲಾಯಿಸಿಕೊಂಡು ಬಂದರು. ಆಮೇಲೆ ಇಬ್ಬರೂ ಸೇರಿ ಬೀರುವಿನ ಮೇಲಿನಿಂದ ನಿಘಂಟನ್ನು ಇಳಿಸಿದರು. ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿ, ಮೇಷ್ಟ್ರು ಕಣ್ಣಿನಲ್ಲಿ ನೀರು ತುಂಬಿಕೊಂಡು ತಲೆ ಎತ್ತಿದರು.

"ಮ್ಯಾನೂ ಇಲ್ಲ, ಏಜೂ ಇಲ್ಲ ಕಣಯ್ಯ. ಕುದುರೆ," ಎಂದರು.

ಕೈ ಎಂಬ ಅರ್ಥದ ಹಳೆಯ ಲ್ಯಾಟಿನ್ ಪದದಿಂದ ಇಟಲಿಯವರು ಒಂದು ಕ್ರಿಯಾಪದ ಮಾಡಿಕೊಂಡರು, ಕುದುರೆಯನ್ನು ಕೈಯಿಂದ ಪಳಗಿಸುವುದಕ್ಕೆ ಅದನ್ನು ಬಳಸಿದರು, ಅದೇ ಇಂಗ್ಲಿಷಿಗೆ ಬಂತು ಎಂದು ಅವರು ಬಿಡಿಸಿ ಹೇಳಿದರು. ಎರಡು ಪುಟದ ಟಿಪ್ಪಣಿಯನ್ನೂ ಹೇಳಿ ಬರೆಸಿದರು, ಸಹಿಯ ಕೆಳಗೆ ತಮ್ಮ ಪದವಿಗಳನ್ನೆಲ್ಲ ಹಾಕಿದರು. ಸೀಲಣ್ಣನಿಗೆ ತನ್ನ ಮ್ಯಾನ್ ಮತ್ತು ಏಜ್ ಕಳೆದುಹೋದದ್ದಕ್ಕೆ ಸಂಕಟವಾಯಿತು. ಆದರೆ ಆ ಸಮಯದಲ್ಲಿ ಅವನಿಗೆ ಸತ್ಯಕ್ಕಿಂತ ಸಹಿ ಮುಖ್ಯವಾಗಿತ್ತು. ಟಿಪ್ಪಣಿಯನ್ನು ಕಡತಕ್ಕೆ ಪೋಣಿಸಿ ಹೆಡ್ ಗುಮಾಸ್ತರ ಮೇಜಿನ ಮೇಲಿಟ್ಟು, ಸಂಜೆ ಟ್ರಂಕಿನ ಧೂಳು ಒರೆಸಿದ.

ಹೆಡ್ ಗುಮಾಸ್ತರು ಟಿಪ್ಪಣಿಯನ್ನು ಶ್ರದ್ಧೆಯಿಂದ ಓದಿದರು. 'ಕುದುರೆ' ಎಂಬ ಪದ ಬಂದ ಏಳು ಕಡೆ ಕೆಂಪು ಗೆರೆ ಎಳೆದರು. ಪ್ರಾಣಿಯ ವಿಷಯ ಕಡತದಲ್ಲಿ ಬಂದ ಮೇಲೆ ಪಶುವೈದ್ಯ ಇಲಾಖೆಯ ಅಭಿಪ್ರಾಯವಿಲ್ಲದೆ ಅದನ್ನು ಮೇಲಕ್ಕೆ ಕಳಿಸಿದರೆ ನಾಳೆ ತಮ್ಮನ್ನೇ ಕೇಳುತ್ತಾರೆ ಎಂದರು. ಸೀಲಣ್ಣ ಇಟಲಿಯ ಕುದುರೆ, ನೂರಾರು ವರ್ಷದ ಹಿಂದಿನದು ಎಂದು ಗೋಗರೆದ. ಎಷ್ಟು ವರ್ಷದ್ದು ಎಂಬುದನ್ನು ಅವರೇ ಹೇಳಲಿ ಎಂದರು ಹೆಡ್ ಗುಮಾಸ್ತರು. ಪತ್ರ ಹೋಯಿತು: 'ಈ ಕಚೇರಿಯ ಕಡತ ಸಂಖ್ಯೆ 4417ರಲ್ಲಿ ಕುದುರೆಯ ವಿಷಯ ಬಂದಿದ್ದು, ಸದರಿ ಕುದುರೆಯ ಬಗ್ಗೆ ತಮ್ಮ ಅಭಿಪ್ರಾಯವನ್ನು ಜರೂರಾಗಿ ಕಳುಹಿಸಿಕೊಡಲು ಕೋರಿದೆ.'

ಎತ್ತು ಈದಿದೆ ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ನಾಲ್ಕನೇ ದಿನ ಪಶುವೈದ್ಯ ಇಲಾಖೆಯ ಇನ್ಸ್‌ಪೆಕ್ಟರು ಚರ್ಮದ ಚೀಲ ಹಿಡಿದುಕೊಂಡು ಖುದ್ದಾಗಿ ಬಂದೇಬಿಟ್ಟರು. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಅವರಿಗೆ ಎಮ್ಮೆ ಸಿಕ್ಕಿತ್ತು, ನಾಯಿ ಸಿಕ್ಕಿತ್ತು, ಓದಿದ್ದ ಕುದುರೆ ಮಾತ್ರ ಒಂದು ಸಲವೂ ಸಿಕ್ಕಿರಲಿಲ್ಲ. ಅಂದು ಬೆಳಿಗ್ಗೆ ಹಳೆಯ ಪಠ್ಯಪುಸ್ತಕ ತಿರುವಿಹಾಕಿ ಬಂದಿದ್ದರು. ಬಂದವರೇ ಕುದುರೆ ಎಲ್ಲಿ ಕಟ್ಟಿದ್ದೀರಿ ಎಂದು ಕೇಳಿದರು. ಅವರ ಕೈಯಲ್ಲಿ ಒಂದು ನಮೂನೆಯಿತ್ತು. ಬಣ್ಣ, ಎತ್ತರ, ವಯಸ್ಸು, ಹಲ್ಲುಗಳ ಸ್ಥಿತಿ, ಸ್ವಭಾವ ಎಂದು ಐದು ಕಾಲಮುಗಳು.

ಕುದುರೆಯೇ ಇಲ್ಲ ಎಂದು ಹೇಳಲು ಸೀಲಣ್ಣ ಬಾಯಿ ತೆರೆದ. ಹೆಡ್ ಗುಮಾಸ್ತರು ಅವನ ಕಾಲು ತುಳಿದರು. ಅವರ ಕಷ್ಟವೂ ಸಣ್ಣದಲ್ಲ. ಕಚೇರಿಯ ಸೀಲು ಇರುವ ಪತ್ರದಲ್ಲಿ 'ಸದರಿ ಕುದುರೆ' ಎಂದು ಬರೆದಾಗಿತ್ತು. ಬೇರೆ ಇಲಾಖೆಯವರ ಮುಂದೆ ತಮ್ಮ ಪತ್ರ ಸುಳ್ಳೆಂದು ಒಪ್ಪಿಕೊಳ್ಳುವುದುಂಟೆ?

"ಸದ್ಯ ಇಲ್ಲಿಲ್ಲ," ಎಂದರು ಹೆಡ್ ಗುಮಾಸ್ತರು.

"ಮೇಯೋಕೆ ಹೋಗಿದೆಯಾ?"

"ಹಾಗೇ ಅಂದ್ಕೊಳ್ಳಿ."

ಇನ್ಸ್‌ಪೆಕ್ಟರು ಪಡಸಾಲೆಯ ಬೆಂಚಿನ ಮೇಲೆ ಸಂಜೆ ಐದರವರೆಗೆ ಕಾದರು. ಹಿತ್ತಲಿನಲ್ಲಿ ತುಕ್ಕು ಹಿಡಿದ ಪೈಪುಗಳ ನಡುವೆ ಹೋಗಿ ಒಂದೆರಡು ಸಲ ಇಣುಕಿದರು. ಕೊನೆಗೆ ಐದು ಕಾಲಮುಗಳನ್ನೂ ಖಾಲಿ ಬಿಟ್ಟು, ಅಡಿಯಲ್ಲಿ 'ಭೇಟಿಯ ಸಮಯದಲ್ಲಿ ಕುದುರೆ ಸ್ಥಳದಲ್ಲಿರಲಿಲ್ಲ. ಪತ್ತೆ ಮಾಡಿ ಹಾಜರುಪಡಿಸತಕ್ಕದ್ದು' ಎಂದು ಬರೆದು, ಯಾರ ಸುಪರ್ದಿನಲ್ಲಿದೆ ಎಂದು ಕೇಳಿದರು. ಕಡತ ಯಾರ ಹೆಸರಿನಲ್ಲಿದೆಯೋ ಅವರ ಸುಪರ್ದು ಎಂದರು ಹೆಡ್ ಗುಮಾಸ್ತರು. ಹೀಗೆ ಹದಿನೆಂಟನೇ ತಾರೀಕು ಸಂಜೆ ಐದೂ ಹತ್ತಕ್ಕೆ ಸೀಲಣ್ಣ ಒಂದು ಕಾಣೆಯಾದ ಕುದುರೆಗೆ ಜವಾಬ್ದಾರನಾದ.

ಆ ಶನಿವಾರ ಅವನು ರೈಲು ಹತ್ತಲಿಲ್ಲ. ಕುದುರೆಯ ಬಗ್ಗೆ ಭಾನುವಾರವೇ ವಿವರಣೆ ಬರೆದುಕೊಡಬೇಕೆಂದು ಅಪ್ಪಣೆಯಾಗಿತ್ತು. ಹನ್ನೊಂದು ವರ್ಷದಲ್ಲಿ, ಜ್ವರ ಬಂದಾಗಲೂ ತಪ್ಪದ ಭಾನುವಾರ ತಪ್ಪಿತು. ಹೆಂಡತಿ ಫೋನಿನಲ್ಲಿ ಯಾಕೆಂದು ಕೇಳಿದಳು. ಪದದಿಂದ ಶುರುಮಾಡಿದರೆ ತಾನೇ ಹುಚ್ಚನಂತೆ ಕಾಣುತ್ತೇನೆ ಎಂದು ಹೆದರಿ ಸೀಲಣ್ಣ ಚುಟುಕಾಗಿ ಹೇಳಿದ: "ಒಂದು ಕುದುರೆ ವಿಷಯ ಕಣೆ. ಅದು ಸಿಗೋವರ್ಗೂ ಬರಕ್ಕಾಗಲ್ಲ."

ಅವಳು ಗಾಬರಿಯಿಂದ ತಮ್ಮನಿಗೆ ಹೇಳಿದಳು. ತಮ್ಮ, ಅಂದರೆ ಸೀಲಣ್ಣನ ಭಾವಮೈದುನ, ಆ ಸಂಜೆಯೇ ಫೋನ್ ಮಾಡಿ, ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಉದ್ಧಾರವಾದವರು ಲೋಕದಲ್ಲಿ ಯಾರೂ ಇಲ್ಲ ಭಾವ ಎಂದು ಬುದ್ಧಿ ಹೇಳಿದ. ಮಂಗಳವಾರ ಮಾವನವರೇ ಬಂದಿಳಿದರು. ಅಳಿಯನ ಕೋಣೆಯಲ್ಲಿ ದಿಂಬಿನ ಕೆಳಗೆ, ಟ್ರಂಕಿನಲ್ಲಿ, ಮಾತಿನ ನಡುವೆ ಸಹಜವಾಗಿ ಎಂಬಂತೆ ಕೈಯಾಡಿಸಿ ಹುಡುಕಿದರು. ರೇಸಿನ ಚೀಟಿ ಏನೂ ಸಿಗದೆ ಮೇಲಕ್ಕೆ ಹೋಗಿ ಮೇಷ್ಟ್ರನ್ನು ವಿಚಾರಿಸಿದರು. ಮೇಷ್ಟ್ರು ಎರಡು ಗಂಟೆ ಇಟಲಿಯ ಕುದುರೆಗಳ ಬಗ್ಗೆಯೇ ಉತ್ಸಾಹದಿಂದ ಮಾತಾಡಿದರು. ಮಾವನವರು ಕೆಳಗಿಳಿದು ಬಂದು, ನಿನ್ನನ್ನು ಕೆಡಿಸಿದವರು ಯಾರೆಂದು ಗೊತ್ತಾಯಿತು ಎಂದಷ್ಟೇ ಹೇಳಿ ರೈಲು ಹತ್ತಿದರು. ಮೇಷ್ಟ್ರ ಹೆಂಡತಿ ಮಾತ್ರ ಬಾಡಿಗೆ ಕರಾರಿನ ಪ್ರಕಾರ ಮನೆಯಲ್ಲಿ ಪ್ರಾಣಿ ಸಾಕುವ ಹಾಗಿಲ್ಲ ಎಂದು ಎರಡೆರಡು ಸಲ ಬಂದು ಹೇಳಿ ಹೋದರು.

ಇಪ್ಪತ್ತೆಂಟನೇ ತಾರೀಕು ಎರಡು ಸಂಗತಿಗಳು ನಡೆದವು. ಅಧಿಕಾರಿಗಳು ತರಬೇತಿ ಮುಗಿಸಿ ಬಂದರು. ಸೀಲಣ್ಣನ ಜಾಗಕ್ಕೆ ವರ್ಗವಾಗಿದ್ದ ಹೊಸ ಗುಮಾಸ್ತೆ ಒಂದು ಸೂಟ್‌ಕೇಸು, ನೀರಿನ ಬಾಟಲಿ ಹಿಡಿದು ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತಳು. ಮೂವತ್ತೈದರ ಆಸುಪಾಸಿನ ಹೆಂಗಸು. ಹಳಬ ಬಿಟ್ಟುಕೊಡದ ಹೊರತು ಹೊಸಬಳು ಸೇರುವಂತಿಲ್ಲ. ಒಳಕೋಣೆಯ ಬಾಗಿಲು ತೆರೆದುಕೊಂಡಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು, ಮತ್ತೆ ಕೂರುತ್ತಿದ್ದಳು.

ಮಾರನೇ ದಿನ ಬೆಳಿಗ್ಗೆ ಅರುವತ್ತೊಂದು ಪುಟದ ಕಡತ ಅಧಿಕಾರಿಗಳ ಮುಂದೆ ಹೋಯಿತು. ಅದರ ಹಿಂದೆ ಹೆಡ್ ಗುಮಾಸ್ತರು, ಅವರ ಹಿಂದೆ ಸೀಲಣ್ಣ. ಅಧಿಕಾರಿಗಳು ಮೊದಲ ಹತ್ತು ಪುಟ ಮೌನವಾಗಿ ಓದಿದರು. ಸ್ಟೋರಿನಲ್ಲಿ ಇಲ್ಲದ ಸಾಮಾನುಗಳ ಪಟ್ಟಿ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಕುದುರೆ ಸ್ಥಳದಲ್ಲಿರಲಿಲ್ಲ ಎಂಬಲ್ಲಿಗೆ ಬಂದಾಗ ಇದನ್ನೆಲ್ಲ ಕೇಳಿದವರು ಯಾರು ಎಂದರು. ಹೆಡ್ ಗುಮಾಸ್ತರು ವಿನಯದಿಂದ ಮೊದಲ ಹಾಳೆಗೆ ಅಂಟಿಸಿದ್ದ ಚೀಟಿಯನ್ನು ತೋರಿಸಿದರು.

ಅಧಿಕಾರಿಗಳು ಚೀಟಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಇದು ನನ್ನ ಮಗಳ ಹೋಂವರ್ಕು ಕಣ್ರಿ," ಎಂದರು. "ಮರೆತುಹೋಗುತ್ತೆ ಅಂತ ಬರ್ಕೊಂಡಿದ್ದೆ. ಎಲ್ಲೋ ಬಿದ್ದೋಯ್ತು ಅಂದ್ಕೊಂಡೆ. ಅವಳು ಪಾಪ ತಾನೇ ಏನೋ ಬರ್ಕೊಂಡು ಹೋಗಿ ಹತ್ತಕ್ಕೆ ನಾಲ್ಕು ತಗೊಂಡ್ಲು."

ಸೀಲಣ್ಣ ಅಳಬೇಕೋ ನಗಬೇಕೋ ತಿಳಿಯದೆ ಮೇಜಿನ ಅಂಚು ಹಿಡಿದುಕೊಂಡ. ಅಧಿಕಾರಿಗಳು ದೊಡ್ಡ ಮನಸ್ಸಿನಿಂದ 'ಮುಕ್ತಾಯ' ಎಂದು ಬರೆದು ಸಹಿ ಹಾಕಿದರು. ಐದನೇ ತಾರೀಕಿನಿಂದ ಉಸಿರು ಹಿಡಿದಿದ್ದ ಸೀಲಣ್ಣ ಅದನ್ನು ಬಿಡುವ ಮೊದಲೇ ಹೆಡ್ ಗುಮಾಸ್ತರು ಕೆಮ್ಮಿದರು.

"ಪದ ಮುಗೀತು ಸಾರ್. ಕುದುರೆ?"

ಕುದುರೆ ಇಲ್ಲವಲ್ಲ ಎಂದರು ಅಧಿಕಾರಿಗಳು. ಇಲ್ಲವೆಂದು ಬರೆದರೆ ಇದೆಯೆಂದು ಪಶುವೈದ್ಯ ಇಲಾಖೆಗೆ ಬರೆದದ್ದು ಸುಳ್ಳಾಗುತ್ತದೆ ಎಂದರು ಹೆಡ್ ಗುಮಾಸ್ತರು. ಹಾಗಾದರೆ ಕಳೆದುಹೋಗಿದೆ ಎಂದು ಬರೆಯಿರಿ. ಬರೆದರೆ ತನಿಖೆಯಾಗುತ್ತದೆ, ತನಿಖೆ ಮುಗಿಯುವವರೆಗೆ ಸೀಲಣ್ಣನನ್ನು ಬಿಡುವಂತಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಧಿಕಾರಿಗಳು ತರಬೇತಿಯಲ್ಲಿ ಕಲಿತದ್ದನ್ನೆಲ್ಲ ನೆನಪಿಸಿಕೊಂಡರು, ಅದರಲ್ಲಿ ಇದಕ್ಕೆ ಒದಗುವಂಥದ್ದೇನೂ ಇರಲಿಲ್ಲ. ಕೊನೆಗೆ ಅಧಿಕಾರಿಗಳಾದವರು ಮಾಡುವುದನ್ನೇ ಅವರೂ ಮಾಡಿದರು. ಇರುವುದೆಲ್ಲ ಇದ್ದ ಹಾಗೆ ಹೊಸಬರಿಗೆ ಚಾರ್ಜ್ ಕೊಟ್ಟುಬಿಡಿ ಎಂದರು.

ಚಾರ್ಜ್ ಪಟ್ಟಿಯನ್ನು ಟೈಪಿಸ್ಟ್ ಮೇಡಂ ಹೊಡೆದುಕೊಟ್ಟರು. ರಬ್ಬರ್ ಸೀಲು ಒಂದು, ಇಂಕಿನ ಪ್ಯಾಡು ಒಂದು, ಟಪಾಲು ಪುಸ್ತಕ ಎರಡು, ಬೀಗದ ಕೈ ಮೂರು, ಕುದುರೆ ಒಂದು. ಕುದುರೆಯ ಮುಂದೆ 'ಸುಸ್ಥಿತಿಯಲ್ಲಿದೆ' ಎಂದು ಇರಲೇಬೇಕೆಂದು ಹೆಡ್ ಗುಮಾಸ್ತರು ಪಟ್ಟು ಹಿಡಿದರು. ಇನ್ನು ಉಳಿದದ್ದು ಹೊಸ ಗುಮಾಸ್ತೆಯ ಸಹಿ. ಬುದ್ಧಿಯಿರುವ ಯಾವ ಮನುಷ್ಯ ಇಂಥದ್ದಕ್ಕೆ ಸಹಿ ಹಾಕಿಯಾನು ಎಂದುಕೊಂಡು ಸೀಲಣ್ಣ ಪಟ್ಟಿ ಹಿಡಿದು ಬೆಂಚಿನ ಬಳಿ ಹೋದ. ಅವಳಿಗೆ ಮೋಸ ಮಾಡಲು ಮನಸ್ಸು ಬರಲಿಲ್ಲ. ಪಕ್ಕದಲ್ಲಿ ಕೂತು, ಬೆಳಗಿನ ಟೀಯಿಂದ ಹಿಡಿದು ಇಟಲಿಯವರೆಗೆ ಎಲ್ಲವನ್ನೂ ಹೇಳಿದ. ಕುದುರೆ ಇಲ್ಲ, ಎಂದೂ ಇರಲಿಲ್ಲ, ಸಹಿ ಹಾಕಿದರೆ ಅದು ನಿಮ್ಮ ಕೊರಳಿಗೆ ಬೀಳುತ್ತದೆ, ನಾನು ಒತ್ತಾಯ ಮಾಡುವುದಿಲ್ಲ ಎಂದ.

ಅವಳು ಪೂರ್ತಿ ಕೇಳಿದಳು. ಪೆನ್ನು ಎಲ್ಲಿ ಎಂದು ಕೇಳಿದಳು.

"ಕುದುರೆ ಅಲ್ಲ ಸಾರ್, ಆನೆ ಅಂತ ಬರೆದಿದ್ರೂ ಸೈನ್ ಹಾಕ್ತಿದ್ದೆ," ಎಂದಳು. "ನನ್ನ ಗಂಡ ಈ ಊರಲ್ಲಿದ್ದಾರೆ. ಆರು ವರ್ಷ ಆಯ್ತು."

ಸೀಲಣ್ಣ ತನ್ನ ಜೇಬಿನ ಪೆನ್ನು ಕೊಟ್ಟ. ಅವಳು 'ಕುದುರೆಯನ್ನು ಪಡೆದುಕೊಂಡಿದ್ದೇನೆ' ಎಂದು ದುಂಡಗೆ ಬರೆದು ಸಹಿ ಹಾಕಿದಳು. ಹೆಡ್ ಗುಮಾಸ್ತರು ತಾರೀಕು, ವೇಳೆ ಎಲ್ಲವನ್ನೂ ಪರೀಕ್ಷಿಸಿ, ಸೀಲಣ್ಣನ ಕೈ ಎರಡನೇ ಸಲ ಕುಲುಕಿದರು.

ಮೂವತ್ತನೇ ತಾರೀಕು ಬುಧವಾರ. ಬೆಳಗಿನ ರೈಲಿನಲ್ಲಿ ಹೊರಟು, ಸೀದಾ ಹೊಸ ಕಚೇರಿಗೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ, ಸೀಲಣ್ಣ ಟ್ರಂಕು ಹೊತ್ತು ಹೆಂಡತಿ ಇರುವ ಮನೆಯ ಮೆಟ್ಟಿಲು ಹತ್ತಿದಾಗ ಸಂಜೆ ನಾಲ್ಕಾಗಿತ್ತು. ಬಾಗಿಲಿಗೆ ಬೀಗ. ಎದುರುಮನೆಯಾಕೆಯ ಹತ್ತಿರ ಕೀಲಿ ಇರುತ್ತದೆಂದು ಗೊತ್ತಿತ್ತು, ಕೇಳಿದ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದರು. ಮುಖ ಎಲ್ಲೋ ನೋಡಿದ ಹಾಗಿದೆ, ಆದರೆ ಅವರ ಯಜಮಾನರು ಬರುವುದು ಶನಿವಾರ ರಾತ್ರಿ, ಹೋಗುವುದು ಭಾನುವಾರ, ಬುಧವಾರದ ದಿನ ಬಂದವರಿಗೆ ಹೇಗೆ ಕೊಡಲಿ ಎಂದರು. ಸೀಲಣ್ಣ ಜೇಬಿನಿಂದ ಚಾರ್ಜ್ ಪಟ್ಟಿ ಲಗತ್ತಿಸಿದ್ದ ಬಿಡುಗಡೆಯ ಕಾಗದ ತೆಗೆದು ಕೊಟ್ಟ. ಆಕೆ ನಿಧಾನವಾಗಿ ಓದಿ, ಕುದುರೆಯ ಸಾಲಿಗೆ ಬಂದಾಗ ತಲೆಯೆತ್ತಿ ಅವನನ್ನು ಇನ್ನೊಮ್ಮೆ ನೋಡಿ, ಕಾಗದ ವಾಪಸು ಕೊಟ್ಟು ಬಾಗಿಲು ಹಾಕಿಕೊಂಡರು.

ಸೀಲಣ್ಣ ಮೆಟ್ಟಿಲ ಮೇಲೆ ಟ್ರಂಕು ಇಟ್ಟುಕೊಂಡು ಕೂತ. ಆರು ಗಂಟೆಗೆ ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಬಿಳಿ ಸೀರೆಯ ಮೇಲೆ ಎಲ್ಲೋ ಔಷಧಿಯ ಕಲೆಯಾಗಿತ್ತು. ಅವನನ್ನು ನೋಡಿ ಕೆಳಗಿನ ಮೆಟ್ಟಿಲಲ್ಲೇ ನಿಂತಳು.

"ಕುದುರೆ ಸಿಕ್ತಾ?" ಎಂದಳು.

ಅವನು ಎಲ್ಲವನ್ನೂ ಹೇಳಿದ, ಈ ಸಲ ಪದದಿಂದಲೇ ಶುರುಮಾಡಿ. ಅವಳು ಮೇಲೆ ಬಂದು ಪಕ್ಕದಲ್ಲಿ ಕೂತು ಕೇಳಿದಳು. ಹೋಂವರ್ಕಿನ ವಿಷಯಕ್ಕೆ ನಕ್ಕಳು, ಆನೆಯ ಮಾತಿಗೆ ನಗಲಿಲ್ಲ. ಮುಗಿದ ಮೇಲೆ ಕೈಯಲ್ಲಿದ್ದ ಕೀಲಿಗೊಂಚಲಿನಿಂದ ಬಾಗಿಲಿನ ಕೀಲಿಯನ್ನು ಆರಿಸಿಕೊಂಡಳು.

"ಅಷ್ಟು ಜನರನ್ನ ಕೇಳಿದ್ರಿ, ನನ್ನ ಕೇಳಬಹುದಿತ್ತು," ಎಂದಳು. "ಪ್ರತಿ ಸಲ ಫೋನಲ್ಲಿ ನೀವು ಹೇಗಿದ್ದೀಯ ಅಂತಿದ್ರಿ. ಮ್ಯಾನೇಜ್ ಮಾಡ್ತಿದ್ದೀನಿ ಅಂತಿದ್ದೆ. ಅದರ ಅರ್ಥ, ನನ್ನ ಕೈಲಿ ಆಗ್ತಾ ಇಲ್ಲ ಬನ್ನಿ, ಅಂತ."

ತಾನೂ ಹನ್ನೊಂದು ವರ್ಷ ಅದೇ ಅರ್ಥದಲ್ಲಿ ಅದೇ ಪದ ಹೇಳಿದ್ದನೆಂಬುದು ಆ ಮೆಟ್ಟಿಲ ಮೇಲೆ ಕೂತಾಗಲೇ ಸೀಲಣ್ಣನಿಗೆ ತಿಳಿದದ್ದು. ಅರುವತ್ತೊಂದು ಪುಟದಲ್ಲಿ ಯಾರೂ ಇದನ್ನು ಬರೆದಿರಲಿಲ್ಲ. ಈಗ ಬರೆಯೋಣವೆಂದರೆ ಕಡತ ಮುಕ್ತಾಯವಾಗಿತ್ತು. ಅವಳು ಎದ್ದು ಬೀಗ ತೆಗೆದಳು, ಅವನು ಟ್ರಂಕು ಎತ್ತಿಕೊಂಡು ಒಳಗೆ ಹೋದ.